ಬೆಟಗೇರಿಯ ತಂಪುಮನೆ ತೆರೆಯದ ದಿನ

ಗದಗ-ಬೆಟಗೇರಿ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ನಲವತ್ತೊಂದು

ನೂರಿಪ್ಪತ್ತು ವರ್ಷ ಹಿಂದಿನ ಅಂಗಡಿಕಾರರಿಗೆ, ಕಾರ್ಖಾನೆ ನಡೆಸುವವರಿಗೆ, ಔಷಧ ಮಾರುವವರಿಗೆ ಅಡಿವೆಪ್ಪ ಮುಗಳಿ ಮಾಡುವ ನಮಸ್ಕಾರಗಳು.

ತಾರೀಖು ಕಂಡು ಮುದುಕನಿಗೆ ಮರುಳು ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿದ್ದಾರೆ, ಫೆಬ್ರವರಿಗೂ ಮೂವತ್ತು ದಿನ ಬಂದಿವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಇಂಗ್ಲಿಷ್ ಪದಗಳನ್ನೇ ಬಳಸೋಣವೆಂದರೆ, ಅದನ್ನು ನಾನು ಕಾಲೇಜಿನಲ್ಲಿ ಎರಡು ವರ್ಷ ಅಂಕಕ್ಕಾಗಿ ಓದಿದ್ದು, ನೀವು ಸಂಸ್ಕೃತ ಓದುತ್ತಿದ್ದಿರಲ್ಲ, ಹಾಗೆ. ಒಂದು ರಜಾ ಅರ್ಜಿ ಮಾತ್ರ ಪೂರ್ತಿ ನೆನಪಿದೆ, ಐ ಬೆಗ್ ಟು ಸ್ಟೇಟ್ ಎಂದು ಶುರುವಾಗುವುದು. ಮುಂದಿನವರಿಗೆ ಬರೆಯುವ ಬದಲು ಹಿಂದಿನವರಿಗೆ ಏಕೆ ಬರೆಯುತ್ತೀರಿ ಎಂದು ಯಾರಾದರೂ ಕೇಳಿದರೆ, ಮುಂದಿನವರ ಮುಖ ನೋಡುವ ಧೈರ್ಯ ನನಗಿಲ್ಲ, ಅಷ್ಟೇ.

ನಮ್ಮ ದಿನಗಳು ಹೇಗಿವೆ ಎಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹತ್ತು ಗಂಟೆಯಿಂದ ಐದರವರೆಗೆ ಯಾರೂ ಹೊರಗೆ ಬರುವುದಿಲ್ಲ. ಬಿಸಿಲು ಅಷ್ಟಿದೆ. ಆ ಹೊತ್ತಿನಲ್ಲಿ ಮನೆಗಳಿಗೆ ಕರೆಂಟಿಲ್ಲ, ಆದ್ದರಿಂದ ಮನೆಯಲ್ಲಿ ಫ್ರಿಜ್ಜೂ ಇಲ್ಲ. ಸಕ್ಕರೆ ಕಾಯಿಲೆಯ ಇಂಜೆಕ್ಷನ್ನು, ಹಾವಿನ ಕಡಿತದ ಔಷಧ, ಮಕ್ಕಳ ಲಸಿಕೆ ಎಲ್ಲವೂ ಓಣಿಗೊಂದರಂತೆ ಇರುವ ತಂಪುಮನೆಗಳಲ್ಲಿರುತ್ತವೆ. ದಪ್ಪ ಗೋಡೆಯ, ಕಬ್ಬಿಣದ ಬಾಗಿಲಿನ ಕೋಣೆಗಳು. ಒಳಗೆ ಆಳಿಲ್ಲ. ಬೇಕಾದವರು ಮನೆಯಿಂದ ಕೋರಿಕೆ ಕಳುಹಿಸಿದರೆ ಅದು ನಮ್ಮ ಸಂಘದ ಜಾಲಕ್ಕೆ ಬರುತ್ತದೆ, ಜಾಲ ಒಪ್ಪಿದರೆ ಬಾಗಿಲು ತೆರೆಯುತ್ತದೆ. ಇಂಥ ನೂರಾ ನಲವತ್ತು ತಂಪುಮನೆಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಅದನ್ನು ಕಟ್ಟಿದವಳು ಮಾತ್ರ ನನ್ನ ಹೆಂಡತಿ ದಾಕ್ಷಾಯಣಿ.

ನೀವು ಡಿನಯಲ್ ಆಫ್ ಸರ್ವೀಸ್ ಎನ್ನುತ್ತಿದ್ದುದನ್ನು ನಾವು ಬಾಗಿಲುಗಟ್ಟು ಎನ್ನುತ್ತೇವೆ. ಕಳ್ಳ ಏನನ್ನೂ ಕದಿಯುವುದಿಲ್ಲ, ಬೀಗವನ್ನೂ ಮುರಿಯುವುದಿಲ್ಲ. ಲಕ್ಷಾಂತರ ಯಂತ್ರಗಳಿಂದ ಸುಳ್ಳು ಕೋರಿಕೆಗಳನ್ನು ಒಂದೇ ಸಲ ಕಳುಹಿಸಿ ಬಾಗಿಲಲ್ಲಿ ನೂಕುನುಗ್ಗಲು ಮಾಡುತ್ತಾನೆ, ನಿಜವಾಗಿ ಬೇಕಾದವನು ಹಿಂದೆಯೇ ಉಳಿಯುತ್ತಾನೆ. ಇದನ್ನು ನಮ್ಮಂಥ ಸಣ್ಣ ಸಂಘ ಒಂಟಿಯಾಗಿ ತಡೆಯಲಾರದೆಂದು ದಾಕ್ಷಾಯಣಿ ವಿಜಯಪುರದ ಒಂದು ಕಾವಲುಮನೆಯೊಡನೆ ಕರಾರು ಮಾಡಿದಳು. ಅಲ್ಲಿ ಹಗಲಿರುಳು ಪಾಳಿಯಂತೆ ಕುಳಿತು ನಮ್ಮ ಜಾಲವನ್ನು ನೋಡುತ್ತಿರುತ್ತಾರೆ. ನುಗ್ಗಲು ಕಂಡರೆ ಎಲ್ಲ ಕೋರಿಕೆಗಳನ್ನೂ ತಮ್ಮ ಕಡೆಗೆ ತಿರುಗಿಸಿಕೊಂಡು, ಜರಡಿ ಹಿಡಿದು, ಯಂತ್ರದ್ದನ್ನು ಚೆಲ್ಲಿ ಮನುಷ್ಯರದ್ದನ್ನಷ್ಟೇ ನಮಗೆ ಬಿಡುತ್ತಾರೆ. ಕರಾರಿನ ದಿನ ನಾನು ಅವರೊಡನೆ ಇಂಗ್ಲಿಷಿನಲ್ಲಿ ಎರಡು ಮಾತಾಡಿದೆ. ದಾಕ್ಷಾಯಣಿ ಎಲ್ಲರೆದುರೇ, "ನೀವು ಹಿಂಗ ಮಾತಾಡ್ಕೋತ ಬಾಗಿಲದಾಗ ಕುಂತ್ರ ಕಾವಲು ಯಾಕ ಬೇಕ್ರಿ? ಕಳ್ಳರು ಕೇಳಿಸ್ಕೊಂಡೇ ಓಡಿ ಹೋಗ್ತಾರ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕರಾರಿನಲ್ಲಿ ಒಂದು ಸಾಲು ಸೇರಿಸಿದವನು ನಾನು. ಕಾರ್ಯದರ್ಶಿಯನ್ನು ಕೇಳದೆ ಜರಡಿ ಹಾಕಕೂಡದು. ಅವಳು ಬೇಡವೆಂದಳು. ನಮ್ಮ ಬಾಗಿಲನ್ನು ಪರವೂರಿನವರು ನಮ್ಮನ್ನು ಕೇಳದೆ ಮುಚ್ಚುವುದೆಂದರೇನು ಎಂದು ನಾನು ಹಟ ಹಿಡಿದೆ.

ಇಂದಿಗೆ ಇಪ್ಪತ್ತಾರು ದಿನಗಳ ಹಿಂದೆ ದಾಕ್ಷಾಯಣಿ ತೀರಿಕೊಂಡಳು. ನಲವತ್ತೊಂದು ವರ್ಷದ ಸಂಸಾರ. ಅದರ ಬಗ್ಗೆ ಬರೆಯಲು ಕುಳಿತರೆ ಈ ಓಲೆ ಮುಗಿಯುವುದಿಲ್ಲ, ಬಿಡಿ.

ಬಿಸಿಲಿನಲ್ಲಿ ಸಾವಿನ ಮನೆಗೆ ಬರುವುದು ಯಾರಿಗೂ ಆಗದ ಕಾರಣ ನಮ್ಮಲ್ಲೊಂದು ಪದ್ಧತಿ ಬಂದಿದೆ. ಮೂರನೆಯ ದಿನ ನೆಂಟರು, ಪರಿಚಯದವರು ತಾವಿದ್ದಲ್ಲಿಂದಲೇ ಸತ್ತವರ ಮನೆಯ ಜಾಲಕ್ಕೆ ಒಂದು ಗುರುತು ಕಳುಹಿಸುತ್ತಾರೆ. ಅದರಲ್ಲಿ ಮಾತಿರುವುದಿಲ್ಲ, ಹೆಸರಿರುವುದಿಲ್ಲ. ಬಾಗಿಲಿಗೆ ಬಂದು ಹೋದೆ ಎಂಬ ಅರ್ಥ, ಅದಕ್ಕೇ ಬಂದುಹೋದ ಗುರುತು ಎನ್ನುತ್ತೇವೆ. ಸಂಜೆಯವರೆಗೆ ಒಂದನ್ನೂ ತಡೆಯಕೂಡದು. ದಾಕ್ಷಾಯಣಿಯ ಗುರುತುಗಳು ಸಂಘದ ಜಾಲಕ್ಕೇ ಬರಲೆಂದು ನಾನೇ ಹೇಳಿದ್ದೆ. ಬೆಳಿಗ್ಗೆ ಏಳಕ್ಕೆ ನೂರಿದ್ದವು, ಒಂಬತ್ತಕ್ಕೆ ಎರಡು ಸಾವಿರ. ಹತ್ತೂವರೆಗೆ ಅಂಕಿ ಓದಲಾಗದಷ್ಟು ವೇಗವಾಗಿ ಏರತೊಡಗಿತು. ನನಗೆ ಅನುಮಾನ ಬರಲಿಲ್ಲ. ನನ್ನ ದಾಕ್ಷಾಯಣಿಗೆ ಇಷ್ಟು ಮಂದಿಯೇ ಎಂದು ಎದೆ ತುಂಬಿ ಬಂತು.

ಆಗ ಗೋಡೆಯ ಹಳೆಯ ತಂತಿ ಫೋನು ಹೊಡೆದುಕೊಂಡಿತು. ಜಾಲ ಕಟ್ಟಿಕೊಂಡರೂ ನಡೆಯಲೆಂದು ಇಟ್ಟದ್ದು, ಅದರಲ್ಲಿ ಆಡಿದ ಮಾತು ಎಲ್ಲಿಯೂ ದಾಖಲಾಗುವುದಿಲ್ಲ. ಕಾವಲುಮನೆಯ ರುಬೀನಾ ಮಕಾನದಾರ ಮಾತಾಡಿದಳು. ಮೂವತ್ತು ವರ್ಷದ ಹೆಣ್ಣುಮಗಳು, ನಮ್ಮ ಜಾಲವನ್ನು ಆರು ವರ್ಷದಿಂದ ನೋಡುತ್ತಿದ್ದವಳು.

"ಕಾಕಾರ, ಭಾಳ ನುಗ್ಗಲೈತ್ರಿ. ಮಂದಿದು ಅನ್ಸವಲ್ದು. ಜರಡಿ ಹಾಕ್ಲೇನ್ರಿ?"

"ನಿಮ್ಮ ಕಾಕು ಸತ್ತಾಳವ್ವಾ ತಂಗಿ. ಅಳಾಕ ಬಂದವ್ರನ್ನ ಜರಡಿ ಹಿಡೀತಿ ಏನು?"

"ಹಂಗಲ್ರಿ. ಗುರುತಿನ ಜೋಡಿ ಬ್ಯಾರೆ ಏನೋ ಬರಾಕತ್ತೈತ್ರಿ. ಕಾಲ್ತಾಸು ಕೊಡ್ರಿ ಸಾಕು."

"ಸಂಜಿ ತನಕ ಯಾರೂ ಬಾಗ್ಲಾ ಮುಟ್ಟಬ್ಯಾಡ್ರಿ. ಇಡು ಫೋನ್."

ಹನ್ನೊಂದಕ್ಕೆ ಮತ್ತೆ ಮಾಡಿದಳು. "ಕಾಕಾರ, ಕೈ ಮುಗೀತೀನ್ರಿ, ಹೂಂ ಅನ್ರಿ." ನಾನು ಫೋನನ್ನು ಇಟ್ಟುಬಿಟ್ಟೆ.

ಅದೇ ಹೊತ್ತಿಗೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಕಸ್ತೂರಿಬಾಯಿ ಬಾಕಳೆ ಎಂಬ ಹೆಣ್ಣುಮಗಳು ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಬಿಸಿಲಿಗೆ ಹಾವುಗಳು ಮಗ್ಗದಡಿಯ ಗುಂಡಿಯ ತಂಪಿಗೆ ಬಂದು ಮಲಗುತ್ತವೆ. ಅಂಥದೊಂದು ಅವಳ ಪಾದಕ್ಕೆ ಕಚ್ಚಿತು. ಔಷಧವಿದ್ದ ತಂಪುಮನೆ ಮೂರು ಮನೆ ಆಚೆ. ಅತ್ತೆ ತುಳಸಾಬಾಯಿ ಕೋರಿಕೆ ಕಳುಹಿಸಿದಳು, ಮತ್ತೆ ಕಳುಹಿಸಿದಳು, ಹತ್ತೊಂಬತ್ತು ಸಲ ಕಳುಹಿಸಿದಳು. ಒಂದೂ ನುಗ್ಗಲು ದಾಟಲಿಲ್ಲ. ಓಣಿಯ ಗಂಡಸರು ಹಾರೆ ತಂದು ಬಾಗಿಲನ್ನು ಮೀಟಿದರು. ಅದು ಬಗ್ಗಿತು, ತೆರೆಯಲಿಲ್ಲ. ಕೊನೆಗೆ ರುಬೀನಾ ಹನ್ನೆರಡೂವರೆಗೆ ನನ್ನ ಮಾತು ಮೀರಿ ಜರಡಿ ಹಾಕಿದಳು. ಹತ್ತು ನಿಮಿಷದಲ್ಲಿ ಬಾಗಿಲುಗಳೆಲ್ಲ ತೆರೆದವು. ಅಷ್ಟರಲ್ಲಿ ಕಸ್ತೂರಿಬಾಯಿಯ ಉಸಿರು ನಿಂತಿತ್ತು. ನಿಜವಾದ ಗುರುತುಗಳು ನಾಲ್ಕು ಸಾವಿರದ ಚಿಲ್ಲರೆ, ಮಿಕ್ಕವೆಲ್ಲ ಯಂತ್ರದವು. ಮೂರನೆಯ ದಿನ ನಮ್ಮ ಬಾಗಿಲು ತೆರೆದಿರುತ್ತದೆಂದು ಯಾರೋ ತಿಳಿದು ಮಾಡಿದ್ದಾರೆ. ಯಾರೆಂದು ಇಂದಿಗೂ ಗೊತ್ತಾಗಿಲ್ಲ.

ಮರುದಿನ ಸಂಘದ ಅಧ್ಯಕ್ಷ ಚಂಬಣ್ಣ ಮನೆಗೆ ಬಂದು, ಪಕ್ಕದಲ್ಲಿ ಕುಳಿತು, ಹೆಗಲ ಮೇಲೆ ಕೈಯಿಟ್ಟು ಕೇಳಿದ: "ಅಡಿವೆಪ್ಪಣ್ಣ, ಕಾವಲಿನವ್ರು ನಿನಗ ಫೋನ್ ಮಾಡಿದ್ರೇನು?" ಅವನ ದನಿಯಲ್ಲಿ ಅನುಮಾನವಿರಲಿಲ್ಲ, ಬರೀ ಕನಿಕರವಿತ್ತು. ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ. ಅಷ್ಟೇ. ಬಾಯಿ ತೆರೆದು ಸುಳ್ಳು ಹೇಳಿಲ್ಲವೆಂದು ಹಲವು ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಕಾವಲುಮನೆಯವರು ರುಬೀನಾಳನ್ನು ಪಾಳಿಯಿಂದ ತೆಗೆದಿದ್ದಾರೆ. ಎರಡು ಗಂಟೆ ತೂಕಡಿಸಿ ಒಂದು ಜೀವ ತೆಗೆದಳೆಂದು ಊರೆಲ್ಲ ಆಡುತ್ತಿದೆ. ಅವಳು ಫೋನ್ ಮಾಡಿದೆ ಎಂದು ಹೇಳುತ್ತಲೇ ಇದ್ದಾಳೆ, ಯಾರೂ ನಂಬುತ್ತಿಲ್ಲ. ಹೆಂಡತಿ ಸತ್ತವನ ಮಾತಿನೆದುರು ಅವಳ ಮಾತನ್ನು ಯಾರು ನಂಬುತ್ತಾರೆ?

ಇಂದು ಸಂಜೆ ಆರಕ್ಕೆ ಸಂಘದ ಸಭೆಯಿದೆ. ಅವಳ ಹೆಸರನ್ನು ಕಾವಲುಗಾರರ ಪಟ್ಟಿಯಿಂದ ಕಾಯಂ ಆಗಿ ಹೊಡೆದುಹಾಕಬೇಕೆಂಬ ಠರಾವಿಗೆ ಕಾರ್ಯದರ್ಶಿ ಸಹಿ ಮಾಡಬೇಕು. ನಾನು ಮಾಡುವುದಿಲ್ಲ. ಎದ್ದು ನಿಂತು, ಆ ಸಾಲು ಬರೆಸಿದವನು ನಾನು, ಫೋನ್ ಎತ್ತಿದವನು ನಾನು, ಇಟ್ಟವನೂ ನಾನು ಎಂದು ಹೇಳಬೇಕು. ತುಳಸಾಬಾಯಿಯೂ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾಳೆ. ನಾಲ್ಕು ಸಲ ಬಟ್ಟೆ ಹಾಕಿಕೊಂಡೆ, ನಾಲ್ಕು ಸಲ ಕಳಚಿದೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಜಾಲಕ್ಕೆ ಕಾವಲು ಹಾಕಿಸಿದ್ದರೆ ಆ ಕರಾರನ್ನು ಇಂದೇ ತೆಗೆದು ಓದಿ. ನುಗ್ಗಲು ಬಂದಾಗ ಕೇಳದೆಯೇ ಜರಡಿ ಹಾಕುವ ಅಧಿಕಾರವನ್ನು ಅವರಿಗೆ ಮೊದಲೇ ಬರೆದುಕೊಡಿ. ಕೇಳಲೇಬೇಕೆಂದಿದ್ದರೆ ಒಬ್ಬನ ಹೆಸರನ್ನಷ್ಟೇ ಬರೆಸಬೇಡಿ. ಆ ಒಬ್ಬನಿಗೆ ಯಾವ ದಿನ ಏನಾಗಿರುತ್ತದೋ ನಿಮಗೆ ಗೊತ್ತಿರುವುದಿಲ್ಲ.

ಐದೂಕಾಲಾಯಿತು. ಬಿಸಿಲು ಇಳಿದಿದೆ, ಓಣಿಯಲ್ಲಿ ಮಂದಿ ಓಡಾಡುತ್ತಿದ್ದಾರೆ. ಸಭೆಯಲ್ಲಿ ನನ್ನ ನಾಲಿಗೆ ಏಳುತ್ತದೋ ಇಲ್ಲವೋ, ಅದಕ್ಕೇ ಒಂದು ಮಾತನ್ನು ಇಲ್ಲಿ ಬರೆದಿಟ್ಟು ಹೋಗುತ್ತೇನೆ. ರುಬೀನಾ ಕೇಳಿದ್ದಳು. ಎರಡು ಸಲ ಕೇಳಿದ್ದಳು.

ಅಡಿವೆಪ್ಪ