ಆ ಬೋಟು ಬೇಡ, ಅಕ್ಕ

ಆಂಟಾಪ್ ಹಿಲ್, ಮುಂಬೈ
೧೭ ನವೆಂಬರ್ ೨೦೨೪, ರವಿವಾರ

ಅಕ್ಕ ರುದ್ರವ್ವನಿಗೆ ಸೇವಂತಿಯ ಶರಣು.

ನಾನು ಕ್ಷೇಮ ಎಂದು ಬರೆಯುವುದಿಲ್ಲ. ಇವರು ಹೋಗಿ ಮೂರು ತಿಂಗಳಾಯಿತು, ಕ್ಷೇಮ ಎಂಬ ಮಾತು ಇನ್ನೂ ಕೈಗೆ ಬರುತ್ತಿಲ್ಲ. ದಿನಾ ಸಂಜೆ ನೋಟುಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡುತ್ತೇನೆ, ಅದರದೇ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ. ಏಳನೇ ಇಯತ್ತೆಯ ಅಕ್ಷರ, ಹೊಂದಿಸಿಕೊಂಡು ಓದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಫೋನು ಎತ್ತಿದೊಡನೆ ಸ್ಪೀಕರ್ ಹಾಕುತ್ತೀರಿ, ನಾನು ಒಂದು ಮಾತು ಆಡಿದರೆ ಐದು ಜನ ಉತ್ತರ ಕೊಡುತ್ತಾರೆ.

ಮೊನ್ನೆ ನೀನು ಅಂದ ಮಾತು ನನಗೆ ಹಾಗೇ ನೆನಪಿದೆ. "ಸತ್ತವರ ರೊಕ್ಕ ಎದಿಗೆ ಅವುಚಿಕೊಂಡು ಕುಂದ್ರಬ್ಯಾಡ ಸೇವಂತಿ, ನನ್ನ ಮಗಳ ಬಾಳೇಕ ಅಡ್ಡ ಬರಬ್ಯಾಡ" ಅಂದೆ. ಸೌಮ್ಯಾಳನ್ನು ನನ್ನ ಮೈದುನ ಗುರುಪಾದನಿಗೆ ತಂದುಕೊಳ್ಳಬೇಕೆಂದು ಮೊದಲು ಬಾಯಿಬಿಟ್ಟವಳು ನಾನು. ಅವಳ ಬಾಳಿಗೆ ನಾನು ಅಡ್ಡ ಬರುತ್ತೇನೆಯೇ? ಆದರೂ ಆ ಬೋಟಿಗೆ ಇವರ ವಿಮೆಯ ಹಣ ಕೊಡುವುದಿಲ್ಲ. ಇಷ್ಟು ವರ್ಷದಲ್ಲಿ ನಿನ್ನ ಮಾತಿಗೆ ಇಲ್ಲ ಅನ್ನುತ್ತಿರುವುದು ಇದೇ ಮೊದಲು. ಯಾಕೆಂದು ಕೇಳು.

ಬೈಕುಲ್ಲಾದ ಅಂಗಡಿಯಲ್ಲಿ ಮೋಟಾರಿನ ಸಾಮಾನು ಮಾರಿ ಮಾರಿ ಗುರುಪಾದನಿಗೆ ಬೇಸರ ಬಂದಿದೆ. ಅಣ್ಣ ಜೀವಮಾನವೆಲ್ಲ ಇನ್ನೊಬ್ಬರ ಬೋಟಿನ ಎಂಜಿನ್ ರಿಪೇರಿ ಮಾಡಿ ಸತ್ತ, ನಾನು ಬೋಟಿನ ಮಾಲಕನೇ ಆಗುತ್ತೇನೆ ಎನ್ನುತ್ತಾನೆ. ಜನರನ್ನು ಕೂರಿಸಿಕೊಂಡು ಸಮುದ್ರದಲ್ಲಿ ತಿರುಗಿಸಿ ತರುವ ಧಂದೆ. ಶಿವಡಿ ಬಂದರದ ದಲಾಲ ಸುಭಾಷನ ಹತ್ತಿರ ಒಂದು ಹಳೆಯ ಬೋಟಿದೆ, ಬೆಲೆ ಬಹಳ ಕಡಿಮೆ, ಹಿಂದೆ ಎರಡು ದೊಡ್ಡ ಎಂಜಿನ್ನು. ಆ ಎರಡನ್ನು ಹೊಸದಾಗಿ ತರುವುದಾದರೆ ಅದೇ ಹಣದಲ್ಲಿ ಇಂಥ ನಾಲ್ಕು ಬೋಟು ಬರುತ್ತವೆ. ಗುರುಪಾದ ಕುಣಿದದ್ದು ಅದಕ್ಕೇ. ಎಂಜಿನ್ನಿನ ದುಡ್ಡಿಗೆ ಬೋಟು ಪುಕ್ಕಟೆ ಎಂದು ಅವನ ಲೆಕ್ಕ. ಅಷ್ಟು ತುಟ್ಟಿ ಎಂಜಿನ್ನನ್ನು ಯಾರಾದರೂ ಅಷ್ಟು ಸೋವಿಗೆ ಯಾಕೆ ಬಿಡುತ್ತಾರೆ ಎಂಬುದು ನನ್ನದು.

ಹೋದ ರವಿವಾರ ನೋಡಲು ಹೋದೆವು. ಬೋಟು ಚೆಂದವೇ ಇದೆ ಅಕ್ಕ, ಸುಳ್ಳು ಹೇಳುವುದಿಲ್ಲ. ನೀಲಿ ಗಾದಿ, ಹಾಡು ಹಚ್ಚುವ ಪೆಟ್ಟಿಗೆ, ಬಿಸಿಲಿಗೆ ಮೇಲೊಂದು ಚಪ್ಪರ. ಗುರುಪಾದ ಮುಂದೆ ಕೂತು ಚಕ್ರ ತಿರುಗಿಸುತ್ತಿದ್ದರೆ, ಹನ್ನೊಂದು ವರ್ಷದವನಾಗಿ ನನ್ನ ಮನೆಗೆ ಬಂದಾಗ ಇದ್ದ ಮುಖವೇ ಕಂಡಿತು. ಮಕ್ಕಳಿಲ್ಲದ ನನಗೆ ಆ ಮುಖಕ್ಕೆ ಇಲ್ಲ ಅನ್ನುವುದು ಹಗುರ ಅಂದುಕೊಂಡೆಯಾ?

ಗುರುಪಾದನೂ ಸುಭಾಷನೂ ಗಾದಿ ನೋಡುತ್ತಿದ್ದಾಗ ನಾನು ಹಿಂದೆ ಹೋಗಿ ಎಂಜಿನ್ನಿನ ಮೇಲೆ ಕೈಯ ಹಿಂಬದಿ ಇಟ್ಟೆ. ಇವರು ಹಾಗೇ ಮಾಡುತ್ತಿದ್ದರು. ತಣ್ಣಗಿರುವ ಎಂಜಿನ್ ಮೊದಲ ಸಲಕ್ಕೇ ಚಾಲೂ ಆದರೆ ಮಾತ್ರ ಅದು ಆರೋಗ್ಯವಾಗಿದೆ ಎಂದು ಲೆಕ್ಕ. ಮಾರುವವನು ಗಿರಾಕಿ ಬರುವ ಮೊದಲೇ ಬೆಚ್ಚಗೆ ಮಾಡಿ ಇಟ್ಟನೆಂದರೆ ಏನೋ ಮುಚ್ಚುತ್ತಿದ್ದಾನೆ. ಇಪ್ಪತ್ತು ವರ್ಷ ಅದೇ ಬಂದರಕ್ಕೆ ಊಟದ ಡಬ್ಬಿ ಒಯ್ದು ಕೊಟ್ಟು, ಇವರು ಉಂಡು ಮುಗಿಸುವ ತನಕ ಕೂತು ಕೇಳಿದ ಮಾತು ಇವೆಲ್ಲ. ಜ್ವರ ನೋಡುತ್ತೀರೇನು ವಹಿನಿ ಎಂದು ಸುಭಾಷ ಹಿಂದಿಯಲ್ಲಿ ನಕ್ಕ. ಗುರುಪಾದನೂ ನಕ್ಕ.

ನಾನು ಗುರುಪಾದನಿಗೆ ಅಂದೆ, "ಹೌದೋ, ಜ್ವರ ಐತಿ. ನಾವು ಬರೂಕಿಂತ ಮೊದಲ ಯಾರೋ ಓಡಿಸ್ಯಾರ."

ಮರುದಿನ ಬೆಳಿಗ್ಗೆ ಆರೂವರೆಗೆ ಯಾರಿಗೂ ಹೇಳದೆ ಹೋದೆ. ನೀರು ಇಳಿದಿತ್ತು, ಬೋಟು ಕೆಸರಿನ ಮೇಲೆ ಕೂತಿತ್ತು. ಅಲ್ಲಿಯ ವಾಚಮನ್ ಭೀಮರಾಯ ನಮ್ಮ ಇಂಡಿ ಕಡೆಯವನು, ನನ್ನನ್ನು ಬಲ್ಲವನು. ಜೊತೆಗೆ ಒಯ್ದಿದ್ದ ಇವರ ರಿಪೇರಿ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದರೆ ಅವನು ಗಾಬರಿಯಾದ.

"ಅವ್ವಾರ, ಇದು ಗಂಡಸರ ಕೆಲಸರೀ."

"ಗಂಡಸರು ನಿನ್ನೆ ಬಂದು ಗಾದಿ ಒತ್ತಿ ನೋಡಿ ಹ್ವಾದರಪಾ. ನೀ ಈ ಬಟ್ಟಲ ಹಿಡಿ."

ಎಂಜಿನ್ನಿನ ಕಾಲು ನೀರಿನೊಳಗೆ ಇರುತ್ತದಲ್ಲ, ಅದರ ತುದಿಯಲ್ಲಿ ಒಂದು ಸ್ಕ್ರೂ. ಅದನ್ನು ಸಡಿಲಿಸಿದರೆ ಒಳಗಿನ ಎಣ್ಣೆ ಇಳಿಯುತ್ತದೆ. ಅದು ಎಣ್ಣೆಯ ಬಣ್ಣದಲ್ಲೇ ಇರಬೇಕು. ಬಟ್ಟಲಿಗೆ ಬಿದ್ದದ್ದು ಹಾಲು ಜಾಸ್ತಿಯಾದ ಚಹಾದಂತೆ ಇತ್ತು. ಇನ್ನೊಂದರದೂ ಹಾಗೇ. ಒಳಗೆ ಸಮುದ್ರ ಹೊಕ್ಕಿದೆ. ಇವರು ಹೇಳುತ್ತಿದ್ದರು, "ಉಪ್ಪುನೀರು ಕುಡದ ಎಂಜಿನ್ ಎರಡ ತಿಂಗಳ ಚೆಂದ ಓಡತೈತಿ, ಮೂರನೇ ತಿಂಗಳ ಮನೀ ಮಾರಸತೈತಿ" ಎಂದು.

ಒಂಬತ್ತಕ್ಕೆ ನೀರು ಏರಿತು, ಸುಭಾಷನೂ ಬಂದ. ನನ್ನ ಎದುರೇ ಚಾಲೂ ಮಾಡಿಸಿದೆ. ಒಂದು ಎಂಜಿನ್ ಏಳೆಂಟು ಸಲ ಕೆಮ್ಮಿ ಸುಮ್ಮನಾಯಿತು. ಇನ್ನೊಂದು ಎದ್ದಿತು, ಆದರೆ ತಣ್ಣಗಾಗಿಸುವ ನೀರು ಪಕ್ಕದ ತೂತಿನಿಂದ ಚಿಮ್ಮುವ ಬದಲು ಮುದುಕರ ಜೊಲ್ಲಿನಂತೆ ಇಳಿಯಿತು. ಅಷ್ಟರಲ್ಲಿ ಸುಭಾಷ ಫೋನು ಮಾಡಿ ಗುರುಪಾದನನ್ನು ಕರೆಸಿಕೊಂಡಿದ್ದ. ನಾನು ಬಟ್ಟಲು ತೋರಿಸಿದೆ. ಎಣ್ಣೆ ಬದಲಿಸಿದರೆ ಆಯಿತು ಎಂದು ಇಬ್ಬರೂ ಒಂದೇ ದನಿಯಲ್ಲಿ ಅಂದರು. ಆಗದು ಅಂದೆ. ಎಂಜಿನ್ ಎರಡನ್ನೂ ಬಿಚ್ಚಿಟ್ಟುಕೊಂಡು ಬರೀ ಬೋಟು ಕೊಡುವುದಾದರೆ ಮಾತಾಡು, ಸಣ್ಣದೊಂದು ಎಂಜಿನ್ ನಾನೇ ಹುಡುಕುತ್ತೇನೆ ಎಂದು ಸುಭಾಷನಿಗೆ ಹೇಳಿದೆ. ಅವನು ಅದಕ್ಕೆ ಒಪ್ಪಲಿಲ್ಲ. ಒಪ್ಪುವುದು ಹೇಗೆ, ಅವನಿಗೆ ಸಾಗಹಾಕಬೇಕಾಗಿದ್ದುದೇ ಆ ಎಂಜಿನ್ನು.

ಗುರುಪಾದ ಜನರ ಮುಂದೆಯೇ ಅಂದ, "ವೈನಿ, ಅಣ್ಣ ಇದ್ದಿದ್ರ ನನಗ ಕೊಡಸ್ತಿದ್ದ. ನಿನಗ ಕೊಡೂ ಮನಸಿಲ್ಲ, ಅದಕ್ಕ ಎಣ್ಣೀ ನೆಪ." ಅಂದಿನಿಂದ ಅವನು ಅಂಗಡಿಯ ಗೆಳೆಯರ ಕೋಣೆಯಲ್ಲಿ ಮಲಗುತ್ತಿದ್ದಾನೆ. ಆರು ದಿನವಾಯಿತು. ದಿನಾ ಇಬ್ಬರಿಗಾಗುವಷ್ಟು ರೊಟ್ಟಿ ಬಡಿಯುತ್ತೇನೆ, ಉಳಿದದ್ದನ್ನು ಮರುದಿನ ಮುರಿದು ಒಗ್ಗರಣೆ ಹಾಕಿಕೊಂಡು ತಿನ್ನುತ್ತೇನೆ.

ನಿನಗೆ ಅವನು ನಾನು ಜಿಪುಣಿ ಎಂದು ಹೇಳಿದ್ದಾನೆ, ನೀನು ನಂಬಿದ್ದೀ. ನಂಬು. ಬೋಟಿದ್ದರೆ ಮಾತ್ರ ಮಗಳನ್ನು ಕೊಡುತ್ತೇನೆ ಎನ್ನುವುದಾದರೆ ಕೊಡಬೇಡ ಅಕ್ಕ. ಇದನ್ನು ಬರೆಯಲು ಪೆನ್ನು ಎರಡು ಸಲ ಕೆಳಗಿಟ್ಟೆ, ಆದರೂ ಬರೆದಿದ್ದೇನೆ. ನಡುನೀರಿನಲ್ಲಿ ಎಂಜಿನ್ ನಿಂತರೆ ಬೋಟಿನಲ್ಲಿ ಇರುವವನು ಸೌಮ್ಯಾಳ ಗಂಡ, ದಲಾಲನಲ್ಲ. ಈ ಮನೆಯಲ್ಲಿ ಒಬ್ಬಳು ವಿಧವೆ ಸಾಕು. ಅಂಗಡಿ ಬೇಡವೆಂದರೆ ಬೇಡ, ಅವನು ಬೋಟು ನಡೆಸುವ ಲೈಸೆನ್ಸ್ ತೆಗೆಯಲಿ, ಅದರ ಖರ್ಚು ನನ್ನದು. ಆಮೇಲೆ ಒಳ್ಳೆಯ ಎಂಜಿನ್ ಸಿಕ್ಕರೆ ಮುಟ್ಟಿ ನೋಡಿ ನಾನೇ ಕೊಡಿಸುತ್ತೇನೆ. ನೀನು, ನಿನ್ನ ಗಂಡ, ಊರ ಹಿರಿಯರು ಎಲ್ಲರೂ ಸೇರಿ ಫೋನು ಮಾಡಿದರೂ ನನ್ನ ಮಾತು ಇಷ್ಟೇ.

ಸೌಮ್ಯಾಳಿಗೆ ನನ್ನ ಆಶೀರ್ವಾದ ಹೇಳು. ಸಿಟ್ಟು ಬಂದಿದ್ದರೆ ಬರಲಿ, ಕಾಗದ ಮಾತ್ರ ಹರಿಯಬೇಡ.

ನಿನ್ನ ತಂಗಿ
ಸೇವಂತಿ ಚಂದ್ರಾಮ

ತಾ.ಕ.: ಇದನ್ನು ನೀನೊಬ್ಬಳೇ ಓದು. ಗುರುಪಾದ ಬರುವ ಮೊದಲೇ ಆ ಎಂಜಿನ್ನಿನ ಮೇಲಿನ ಮುಚ್ಚಳ ತೆಗೆಸಿ ನೋಡಿದ್ದೆ. ಒಳಗೆಲ್ಲ ಹೊಸ ಬೂದು ಬಣ್ಣ, ಪೈಪುಗಳಿಗೆ ತಾಮ್ರದ ತಂತಿಯ ಕಟ್ಟು. ಕಟ್ಟೆಲ್ಲ ಎಡಕ್ಕೆ ತಿರುವಿದ್ದು. ಆ ಬಂದರದಲ್ಲಿ ಎಡಗೈಯಿಂದ ತಂತಿ ತಿರುವುತ್ತಿದ್ದವರು ಇವರೊಬ್ಬರೇ. ಕೇಳಿದ್ದಕ್ಕೆ ಭೀಮರಾಯ ತಲೆ ತಗ್ಗಿಸಿ ಹೇಳಿದ. ಜುಲೈ ಮಳೆಯಲ್ಲಿ ಬೋಟು ನಿಂತಲ್ಲೇ ಮುಳುಗಿತ್ತಂತೆ, ಮೇಲೆತ್ತಿ ಮಾರಲು ತಯಾರು ಮಾಡಿಕೊಟ್ಟವರು ಇವರೇ ಅಂತೆ. ಅದೇ ಅವರ ಕೊನೆಯ ಕೆಲಸ. ಆ ವಾರ ಯಾಕೆ ಅವರಿಗೆ ಊಟ ಸೇರುತ್ತಿರಲಿಲ್ಲ ಎಂದು ಈಗ ತಿಳಿಯಿತು. ಗುರುಪಾದ ಹೋದ ಮೇಲೆ ಅಲಿಬಾಗ ಕಡೆಯ ಗಂಡಹೆಂಡತಿ ಅದೇ ಬೋಟು ನೋಡಲು ಬಂದರು, ಜೊತೆಗೆ ಸಣ್ಣ ಮಗಳು. ಸುಭಾಷ ಬೈಯುತ್ತಲೇ ಇದ್ದ, ನಾನು ಸ್ಕ್ರೂಡ್ರೈವರಿನಿಂದ ಆ ಬಣ್ಣ ಕೆರೆದು ಕೆಳಗಿನ ಬಿಳಿ ಉಪ್ಪನ್ನು ಅವರಿಗೆ ತೋರಿಸಿದೆ. ಇವರ ಕೈಕೆಲಸವನ್ನು ನಾನೇ ಕೆಡಿಸಿದೆ ಅಕ್ಕ. ಗುರುಪಾದನಿಗೆ ಹೇಳಬೇಡ. ಅವನಿಗೆ ಅಣ್ಣನೆಂದರೆ ದೇವರು. ನಾನು ಜಿಪುಣಿಯಾಗಿಯೇ ಇರುತ್ತೇನೆ.