ಆ ಬೇಸಿನ್ ಮೇಲಿದ್ದ ಕಾಲು ನನ್ನದಲ್ಲ

ಮಾನ್ಯ ಬಾಡಿಗೆ ವ್ಯಾಜ್ಯ ಇತ್ಯರ್ಥ ಅಧಿಕಾರಿಗಳೇ,

ಬಚ್ಚಲುಮನೆಯ ಬೇಸಿನ್ ಒಡೆದವರು ತಾವು. ದಂಡ ತೆತ್ತವರು ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಎತ್ತೇ ಕುರ್ಚಿಯ ಮೇಲೆ ಕೂತು, ಕಬ್ಬಿಣ ಕಾಯಿಸಿ, ಹಾಕಿದ ಬರೆಗೆ ಮೊಹರನ್ನೂ ಒತ್ತಿದ್ದನ್ನು ಕಂಡದ್ದು ಇದೇ ಮೊದಲು. ಈ ಮಾತನ್ನು ಮುಚ್ಚಿದ ಲಕೋಟೆಯಲ್ಲಿ ತಮಗೊಬ್ಬರಿಗೇ ತಲುಪಿಸಬಹುದಿತ್ತು. ತಲುಪಿಸಿಯೂ ನೋಡಿದೆ. ಮುಚ್ಚಿದ್ದನ್ನು ಮುಚ್ಚಿಯೇ ಇಡುವುದರಲ್ಲಿ ತಮಗಿರುವ ಪರಿಣತಿ ಅರ್ಥವಾದ ಮೇಲೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ಚೆನ್ನಾಗಿ ಗೊತ್ತು, ಓದುಗರಿಗಾಗಿ ಹೇಳುತ್ತೇನೆ. ನಾನು ಮನೆ ಸಾಮಾನು ಸಾಗಿಸುವವನು. ನಮ್ಮ ಗೋದಾಮಿನಲ್ಲಿ ಎಲ್ಲರಿಗೂ ನಾನು 'ಮಾವ'. ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಒಂದೇ ಕೋಣೆಯಲ್ಲಿ ಏಳೂ ಕ್ಲಾಸು ನಡೆಯುತ್ತಿದ್ದುದರಿಂದ, ಒಂದನೇ ಕ್ಲಾಸಿನಲ್ಲಿ ಕೂತೇ ಏಳನೆಯದರ ಪಾಠ ಕೇಳುತ್ತಿದ್ದೆ. ಲೆಕ್ಕಕ್ಕೆ ಹಿಡಿದರೆ ನಾನು ಏಳು ಸಲ ಏಳನೇ ಕ್ಲಾಸು ಮುಗಿಸಿದವನು. ಇನ್ನು ಕೆಲಸದ ವಿಷಯ. ಮೂರು ಬಾಗಿಲಿನ ಕನ್ನಡಿ ಬೀರುವನ್ನು ಸುರುಳಿ ಮೆಟ್ಟಿಲಲ್ಲಿ ಇಳಿಸಿ, ಒಳಗಿನ ಬಟ್ಟೆಯ ಮಡಿಕೆ ಕೆಡದಂತೆ ತಲುಪಿಸಿದ್ದೇನೆ. ಮೀನು ಸಾಕಿದ ಗಾಜಿನ ತೊಟ್ಟಿಯನ್ನು ಊರಿನ ಆ ತುದಿಯಿಂದ ಈ ತುದಿಗೆ ಒಯ್ದಾಗ, ತಾನು ಮನೆ ಬದಲಿಸಿದ್ದು ಮೀನಿಗೇ ಗೊತ್ತಾಗಲಿಲ್ಲ. ಸ್ವಲ್ಪ ಉಪ್ಪುಖಾರ ಸೇರಿಸಿದ್ದೇನೆ ಅಂತಲೇ ಇಟ್ಟುಕೊಳ್ಳಿ. ಆದರೆ ಇಷ್ಟು ವರ್ಷಗಳಲ್ಲಿ ನನ್ನ ಕೈ ಯಾರ ಮನೆಯ ಒಂದು ಬಟ್ಟಲನ್ನೂ ಒಡೆದಿಲ್ಲ. ಇದಕ್ಕೆ ಮಾತ್ರ ಏನೂ ಸೇರಿಸಿಲ್ಲ.

ಬಾಡಿಗೆದಾರರು ಮನೆ ಬಿಡುವ ದಿನ ತಪ್ಪದೆ ಹಾಜರಿರುವವನು ನಾನು. ಹಾಗಾಗಿ ಠೇವಣಿ ಎಂಬ ಪದಾರ್ಥ ಹೇಗೆ ಕರಗುತ್ತದೆಂದು ಹತ್ತಿರದಿಂದ ನೋಡಿದ್ದೇನೆ. ಬರುವಾಗ "ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ" ಅನ್ನುವ ಮಾಲೀಕರು ಹೋಗುವಾಗ ಮೊಳೆ ಎಣಿಸುತ್ತಾರೆ. ಕಿಟಕಿಯಿಂದ ಬಿಸಿಲು ಬಿದ್ದು ಬಣ್ಣ ಮಾಸಿದರೆ ಅದು ಬಾಡಿಗೆದಾರನ ಬಿಸಿಲು. ನಲ್ಲಿ ತುಕ್ಕು ಹಿಡಿದರೆ ಅದು ಬಾಡಿಗೆದಾರನ ನೀರು. ಒಂದು ಸಂಸಾರ ವರ್ಷಗಟ್ಟಲೆ ಒಂದು ಮನೆಯಲ್ಲಿ ಉಸಿರಾಡಿದರೆ ಗೋಡೆ ಸ್ವಲ್ಪವಾದರೂ ಹಳತಾಗದೆ ಇರುತ್ತದೆಯೇ? ತಿಂಗಳು ತಿಂಗಳು ಬಾಡಿಗೆ ತೆಗೆದುಕೊಂಡದ್ದು ಮತ್ತೆ ಯಾತಕ್ಕೆ? ಹಾಗಂತ ನನಗೆ ಮೋಸ ಮಾಡಿದವರು ನಮ್ಮ ಮಾಲೀಕರು ಎಂದು ನಾನು ಹೇಳುವುದಿಲ್ಲ. ಬೆಕ್ಕು ಹಾಲು ಕುಡಿದರೆ ಅದನ್ನು ಯಾರೂ ದ್ರೋಹಿ ಅನ್ನುವುದಿಲ್ಲ. ಹಾಲು ಕಾಯಲು ಕೂರಿಸಿದವರು ಕುಡಿದರೆ ಅನ್ನುತ್ತಾರೆ.

ಗಂಡ ತೀರಿಕೊಂಡ ಮೇಲೆ ನನ್ನ ತಂಗಿ, ಅವಳ ಮಗಳು ನನ್ನ ಜೊತೆಗೇ ಇದ್ದರು. ಮನೆಯ ಕರಾರು ನನ್ನ ಹೆಸರಿನಲ್ಲಿ. ಠೇವಣಿ ಮಾತ್ರ ತಂಗಿಯದು, ಹೊಲಿಗೆ ಮಿಷನ್ ತುಳಿದು ತುಳಿದು ಕೂಡಿಸಿದ್ದು. ಮಹಡಿಯ ಮೇಲೆ ಹೊಲಿಯುವವಳ ಹತ್ತಿರ ಗುರುತಿನವರಷ್ಟೇ ಬರುತ್ತಾರೆ, ರಸ್ತೆಗೆ ಬಾಗಿಲಿದ್ದರೆ ದಾರಿಹೋಕರೂ ಬರುತ್ತಾರೆ. ಅದಕ್ಕೇ ಒಂದು ಪುಟ್ಟ ಅಂಗಡಿ, ಹಿಂದೆ ಮೂವರಿಗೆ ಸಾಲುವಷ್ಟು ಜಾಗ, ಎಲ್ಲ ನೋಡಿ ಮಾತಾಡಿಯಾಗಿತ್ತು. ಈ ಮನೆಯ ಠೇವಣಿ ಆ ಮನೆಗೆ ಹೋಗಬೇಕು, ಅಷ್ಟೇ. ಆದರೆ ಖಾಲಿ ಮಾಡುತ್ತೇವೆಂದ ದಿನವೇ ನಮ್ಮ ಮಾಲೀಕರ ಕಣ್ಣು ಚುರುಕಾಯಿತು. ಅಡುಗೆ ಕಟ್ಟೆಯ ಕಲ್ಲಿನಲ್ಲಿ ಬಿರುಕು, ಗೋಡೆಯಲ್ಲಿ ಮೊಳೆ, ಬಚ್ಚಲಿನ ಸೂರಿನ ಹತ್ತಿರ ತೇವದ ಕಲೆ. ಬಿಡಿಗಾಸೂ ಬರುವುದಿಲ್ಲ ಎಂದರು.

"ಹೆದರ್ಬೇಡ ಕಣೇ," ಎಂದೆ ತಂಗಿಗೆ. "ಕಾನೂನು ಅಂತ ಒಂದಿದೆ. ನಾನೇ ಅರ್ಜಿ ಬರೀತೀನಿ."

"ನೀನು ಬರೆದ್ರೆ ಕಥೆ ಆಗುತ್ತೆ ಅಣ್ಣ," ಎಂದಳು. "ಬೇರೆ ಯಾರ ಕೈಲಾದ್ರೂ ಬರೆಸು."

ನಾನೇ ಬರೆದೆ. ಕಥೆಯಾಗಲಿಲ್ಲ. ತಾವೇ ಖುದ್ದಾಗಿ ಸ್ಥಳ ಪರಿಶೀಲನೆಗೆ ಬಂದಿರಿ. ನಿಜ ಹೇಳುತ್ತೇನೆ, ಆ ಹೊತ್ತು ತಮ್ಮನ್ನು ಕಂಡು ನನಗೆ ಎದೆ ತುಂಬಿತು. ಅಡುಗೆ ಕಟ್ಟೆಯ ಬಿರುಕನ್ನು ಉಗುರಿನಿಂದ ಕೆರೆದು ನೋಡಿದಿರಿ. "ಇದು ಹಳೇದು. ಒಳಗೆಲ್ಲ ಸಿಮೆಂಟ್ ತುಂಬಿದೆಯಲ್ರೀ," ಎಂದು ಮಾಲೀಕರ ಮುಖಕ್ಕೇ ಹೇಳಿದಿರಿ. ಬಚ್ಚಲಿನ ತೇವ ಮೇಲಿನ ನೀರಿನ ತೊಟ್ಟಿಯದೇ ಇರಬೇಕೆಂದು, ತಾರಸಿಯ ಬೀಗದ ಕೈ ತರಲು ಅವರನ್ನು ಕೆಳಗೆ ಅಟ್ಟಿದಿರಿ. ಬಚ್ಚಲಿನಲ್ಲಿ ಉಳಿದದ್ದು ತಾವು ಮತ್ತು ನಾನು.

ಆಗಲೇ ತಮಗೆ ಆ ಕಲೆಯನ್ನು ಮುಟ್ಟಿ ನೋಡುವ ಮನಸ್ಸಾಯಿತು.

"ಸಾರ್, ತಡೀರಿ, ಗಾಡೀಲಿ ಏಣಿ ಇದೆ, ತರ್ತೀನಿ," ಎಂದೆ.

"ಬೇಡಪ್ಪ, ಕೈಗೆ ಸಿಗುತ್ತೆ," ಎಂದಿರಿ. ಒಂದು ಕಾಲು ಮಗುಚಿದ ಬಕೆಟ್ಟಿನ ಮೇಲೆ. ಇನ್ನೊಂದು ಕಾಲು ಬೇಸಿನ್ನಿನ ಅಂಚಿನ ಮೇಲೆ. ಬೇಸಿನ್ನು ಕೈ ತೊಳೆಯುವುದಕ್ಕಿರುವ ವಸ್ತು, ಸರ್ಕಾರದ ತೂಕ ಹೊರುವುದಕ್ಕಲ್ಲ. ಅದು ಗೋಡೆ ಬಿಟ್ಟು ಬಂತು, ಪೈಪು ಮುರಿಯಿತು, ನೀರು ಚಿಮ್ಮಿತು. ತಮ್ಮನ್ನು ಬೀಳದಂತೆ ಹಿಡಿದದ್ದು ಇದೇ ಕೈ. ಬೀರು ಹಿಡಿದು ಅಭ್ಯಾಸವಿದ್ದ ಕೈ, ಅದಕ್ಕೇ ತಮಗೆ ಒಂದು ಗೀರೂ ಆಗಲಿಲ್ಲ.

"ಅಯ್ಯೋ," ಎಂದಿರಿ. ಮುಖ ಬಿಳಿಚಿತ್ತು. "ಓನರ್ ಬಂದ್ರೆ ಏನಪ್ಪಾ ಹೇಳೋದು? ಪರಿಶೀಲನೆಗೆ ಬಂದು ನಾನೇ... ಕಚೇರೀಲಿ ಗೊತ್ತಾದ್ರೆ ಮಾನ ಹೋಗುತ್ತೆ."

"ಸಾರ್, ಈ ಮಾವ ಇರೋವಾಗ ನಿಮಗ್ಯಾಕೆ ಚಿಂತೆ? ನೀವು ಸುಮ್ನೆ ನಿಂತ್ಕೊಳ್ಳಿ."

ಮಾಲೀಕರು ಏದುಸಿರು ಬಿಡುತ್ತ ಹತ್ತಿ ಬಂದರು. "ಏನ್ರೀ ಅದು ಸದ್ದು?"

"ನನ್ನ ಮೊಣಕೈ ತಗುಲ್ತು ಸ್ವಾಮಿ," ಎಂದೆ. ತಾವು ತೇವದ ಕಲೆಯನ್ನೇ ನೋಡುತ್ತ ನಿಂತಿದ್ದಿರಿ, ಜನ್ಮದಲ್ಲಿ ಅಂಥ ಕಲೆ ನೋಡಿಯೇ ಇಲ್ಲದವರ ಹಾಗೆ. ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ನನ್ನ ಕೈ ಅದುಮಿದಿರಿ. "ದೊಡ್ಡ ಉಪಕಾರ ಆಯ್ತು. ಬೇಸಿನ್ ವಿಷಯ ನಾನು ನೋಡ್ಕೋತೀನಿ. ಯೋಚನೆ ಬೇಡ," ಎಂದಿರಿ.

ನಾನು ಹರಿಶ್ಚಂದ್ರನಲ್ಲ. ಆ ಸುಳ್ಳಿನಲ್ಲಿ ಪರೋಪಕಾರವೂ ಇತ್ತು, ಲೆಕ್ಕಾಚಾರವೂ ಇತ್ತು. ಇಷ್ಟು ಮಾಡಿದ್ದಕ್ಕೆ ಅಧಿಕಾರಿಗಳ ತಕ್ಕಡಿ ಒಂದು ಕೂದಲೆಳೆಯಷ್ಟು ನಮ್ಮ ಕಡೆ ವಾಲೀತು ಎಂದು ಮನಸ್ಸಿನ ಮೂಲೆಯಲ್ಲಿ ಆಸೆ ಪಟ್ಟದ್ದು ನಿಜ. ಆದರೆ ತಾವು ಎಂಥ ನಿಷ್ಪಕ್ಷಪಾತಿಗಳು ಎಂಬುದು ಆದೇಶ ಬಂದಾಗ ತಿಳಿಯಿತು. ಕಲ್ಲಿನ ಬಿರುಕು ಹಳೆಯದು, ಮೊಳೆ ಸಹಜ ಬಳಕೆ, ತೇವ ತಾರಸಿಯ ದೋಷ. ಮಾಲೀಕರ ದೂರನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದ್ದಿರಿ. ಓದುತ್ತ ಓದುತ್ತ ನಾನು ಕುಣಿಯುವುದೊಂದು ಬಾಕಿ. ಕೊನೆಯಲ್ಲಿ ಇತ್ತು: "ಅರ್ಜಿದಾರನು ಸ್ಥಳ ಪರಿಶೀಲನೆಯ ಕಾಲದಲ್ಲಿ, ಕೆಳಗೆ ಸಹಿ ಮಾಡಿರುವವರ ಸಮಕ್ಷಮ, ತನ್ನ ಮೊಣಕೈ ತಗುಲಿ ಬೇಸಿನ್ ಒಡೆಯಿತೆಂದು ತಾನಾಗಿಯೇ ಒಪ್ಪಿಕೊಂಡಿದ್ದಾನೆ." ಬೇಸಿನ್ನು, ಪೈಪು, ಗೋಡೆಯ ಟೈಲ್ಸು, ನೀರಿಳಿದು ಹಾಳಾದ ಕೆಳಮನೆಯ ಹೊಸ ಸೂರು, ಎಲ್ಲ ಸೇರಿ ಠೇವಣಿ ಪೂರ್ತಿ ಮಾಲೀಕರಿಗೆ. ಸಮಕ್ಷಮ! ಎಂಥ ಚೆಂದದ ಪದ, ಸ್ವಾಮೀ. ತಾವು ಸಮಕ್ಷಮದಲ್ಲಿರಲಿಲ್ಲ, ಬೇಸಿನ್ನಿನ ಮೇಲಿದ್ದಿರಿ.

ತಮ್ಮ ಕಚೇರಿಗೆ ಬಂದೆ. ಮುಚ್ಚಿದ ಲಕೋಟೆ ಕೊಟ್ಟೆ, ಉತ್ತರ ಬರಲಿಲ್ಲ. ಮತ್ತೆ ಬಂದೆ, ಸಾಹೇಬರು ಸಭೆಯಲ್ಲಿದ್ದಾರೆ ಎಂದರು. ಕಡೆಗೆ ಕಚೇರಿಯ ಉದ್ದನೆಯ ಪಡಸಾಲೆಯಲ್ಲಿ ಸಿಕ್ಕಿದಿರಿ. "ನೀವೇ ಒಪ್ಕೊಂಡಿದ್ದೀರಲ್ರೀ. ನಾನು ಕೇಳಿದ್ದನ್ನ ಬರೆದೆ. ಬೇಕಾದ್ರೆ ಮೇಲ್ಮನವಿ ಹಾಕ್ಕೊಳ್ಳಿ," ಎಂದು ಗೋಡೆಗೆ ಹೇಳಿದಿರಿ. ನನ್ನ ಮುಖ ನೋಡಲಿಲ್ಲ. ಮೇಲ್ಮನವಿಯಲ್ಲಿ ನಾನೇನು ಬರೆಯಲಿ? ಅಧಿಕಾರಿಗಳು ಬೇಸಿನ್ ಹತ್ತಿದ್ದರು ಎಂದೇ? ಯಾವ ನ್ಯಾಯಾಲಯ ನಂಬೀತು? ನಾನು ಸುಳ್ಳು ಹೇಳಿದಾಗ ಅದಕ್ಕೆ ಸಾಕ್ಷಿ ಸಮೇತ ಸಹಿ ಬಿತ್ತು. ನಿಜ ಹೇಳಿದರೆ ನಗುತ್ತಾರೆ. ಗೋದಾಮಿನಲ್ಲಿ ಆಗಲೇ ನಗುತ್ತಿದ್ದಾರೆ. "ಮಾವ, ಇವತ್ತಿನ ಲೋಡಲ್ಲಿ ಗಾಜಿನ ಸಾಮಾನಿದೆ, ನೀನು ದಿಂಬು ಎತ್ಕೋ," ಅನ್ನುತ್ತಾರೆ. ನಾನೂ ನಗುತ್ತೇನೆ. ನಗುವುದು ನನ್ನ ಕೈಯಲ್ಲಾಗುವ ಕೆಲಸ.

ಕೈಯಲ್ಲಾಗದ್ದು ಮನೆಯದು. ತಂಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲ ಸಲ ಒಂದು ಸಂಗತಿಯನ್ನು ಖಾರ ಹಾಕದೆ ಹೇಳಿದ್ದೆ. ಅವಳು ಬಟ್ಟೆಗೆ ಗುಂಡಿ ಹಾಕುತ್ತ ಕೇಳಿದಳು. ದಾರ ಕಚ್ಚಿ ತುಂಡು ಮಾಡಿದಳು.

"ಅಣ್ಣಾ, ಕೈ ತಪ್ಪಿ ಒಡೆದಿದ್ರೆ ಒಡೆದೆ ಅನ್ನು. ಯಾರ ಕೈಯಾದ್ರೂ ತಪ್ಪುತ್ತೆ, ಅದಕ್ಕೆ ನನಗೆ ಬೇಜಾರಿಲ್ಲ. ಅಷ್ಟು ದೊಡ್ಡ ಮನುಷ್ಯರ ತಲೆ ಮೇಲೆ ಯಾಕೆ ಹಾಕ್ತೀಯ?"

"ನಿನ್ನಾಣೆ ಕಣೇ!"

"ಆಣೆ ಬೇಡ. ಮೀನಿನ ಕಥೆಗೂ ನನ್ನಾಣೆನೇ ಹಾಕಿದ್ದೆ."

ಅಂಗಡಿ ಬೇರೆಯವರ ಪಾಲಾಯಿತು. ಮನೆ ಬಿಡಬೇಕಾದ ದಿನ ಬಂತು. ಜೊತೆಯಲ್ಲಿ ಹೊಲಿಯುವ ಗೆಳತಿಯೊಬ್ಬಳ ಒಂಟಿ ಕೋಣೆಗೆ ತಂಗಿ ಮಗಳನ್ನು ಕರೆದುಕೊಂಡು ಹೊರಟಳು. ಅಲ್ಲಿ ನನಗೆ ಜಾಗವಿಲ್ಲ, ಅದು ಸರಿಯೇ. ಬೆಳಿಗ್ಗೆ ಹಗ್ಗ, ಗೋಣಿ ಎಲ್ಲ ಹಿಡಿದು ಮಹಡಿ ಹತ್ತಿದೆ. ಹೊಲಿಗೆ ಮಿಷನ್ನಿನ ಹತ್ತಿರ ಇಬ್ಬರು ಅಪರಿಚಿತರು ನಿಂತಿದ್ದರು. ಬೇರೆ ಕಂಪನಿಯ ಆಳುಗಳು. ತಂಗಿ ಅವರಿಗೆ ಕೂಲಿ ಗೊತ್ತು ಮಾಡಿ ಕರೆಸಿದ್ದಳು.

"ನಾನಿದೀನಲ್ಲೇ," ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. "ಬೇಡ ಅಣ್ಣ. ಉಳಿದಿರೋದು ಇದೊಂದೇ."

ಅವರು ಮಿಷನ್ ಎತ್ತಿದ ರೀತಿ ನೋಡಿದರೆ ಕಣ್ಣಲ್ಲಿ ನೀರು ಬರಬೇಕು. ಚಕ್ರಕ್ಕೆ ಹಗ್ಗ ಕಟ್ಟಿರಲಿಲ್ಲ, ಸೂಜಿ ತೆಗೆದಿರಲಿಲ್ಲ, ತಿರುವಿನಲ್ಲಿ ಗೋಡೆಗೆ ತಾಗಿಸಿದರು. ಬಾಯಿ ತೆರೆಯಲು ನನಗೆ ಹಕ್ಕಿರಲಿಲ್ಲ. ಗೋಣಿ ಹಿಡಿದುಕೊಂಡು ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದೆ. ಇಡೀ ಊರಿನ ಸಾಮಾನು ಹೊತ್ತವನನ್ನು ಸ್ವಂತ ತಂಗಿ ತನ್ನ ಮಿಷನ್ ಮುಟ್ಟಗೊಡಲಿಲ್ಲ. ತಮ್ಮ ಆದೇಶದಲ್ಲಿ ಈ ನಷ್ಟವನ್ನು ಯಾವ ಕಲಮಿನಲ್ಲಿ ಬರೆಯುತ್ತೀರಿ? ಇದನ್ನು ಯಾರ ಠೇವಣಿಯಿಂದ ಮುರಿದುಕೊಳ್ಳಬೇಕು?

ಆದ್ದರಿಂದ ನನ್ನ ಬೇಡಿಕೆ. ಠೇವಣಿಯನ್ನು ಬಿಟ್ಟುಕೊಟ್ಟೆ ಎಂದು ಭಾವಿಸಬೇಡಿ. ಅದು ಹೊಲಿದು ಸಂಪಾದಿಸಿದ ದುಡ್ಡು, ಆದೇಶ ತಿದ್ದಿ ಅದನ್ನು ಅವಳಿಗೆ ತಲುಪಿಸುವುದು ತಮ್ಮ ಕರ್ತವ್ಯ. ಅದಕ್ಕೆ ಬೇಕಾದ ಧೈರ್ಯ ತಮಗೆ ಬರುವವರೆಗೆ ಕಾಯಬಲ್ಲೆ. ಆದರೆ ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ, ಅದು ಕಾಯುವುದಿಲ್ಲ. ನನ್ನ ತಂಗಿ ಈಗ ಹೊಲಿಯುವ ಕೋಣೆಯ ವಿಳಾಸವನ್ನು ತಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ತಾವು ಒಮ್ಮೆ ಅಲ್ಲಿಗೆ ಹೋಗಬೇಕು. ಮೊಹರು ಬೇಡ, ಜವಾನ ಬೇಡ. ಹೊಸ್ತಿಲಲ್ಲೇ ನಿಂತು, "ಅಮ್ಮಾ, ನಿಮ್ಮಣ್ಣ ಹೇಳಿದ್ದು ನಿಜ," ಎಂದು ಒಂದೇ ಮಾತು ಹೇಳಿ ಬರಬೇಕು. ನಾನು ಆ ಬೀದಿಯಲ್ಲೂ ಇರುವುದಿಲ್ಲ. ಅವಳು ತಮ್ಮನ್ನು ಬೈಯುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಕುಡಿಯಲು ನೀರು ಕೊಟ್ಟಾಳು. ಕುಡಿದು ಬನ್ನಿ.

ಇಂತಿ,
ತನ್ನ ಕೈ ಅದುಮಿದ ತಮ್ಮನ್ನು ನಂಬಿ ಕೆಟ್ಟ
ಒಬ್ಬ ಅಣ್ಣ