ಬೆರಳಿನ ಹಿಂದೆ ಓಡಿಬಂದ ಮರಿಗಳು

ಮಾರ್ಚ್ ೧೪, ಶನಿವಾರ

ಬೆಳಿಗ್ಗೆ ಕಂಡದ್ದು ಇನ್ನೂ ಮನಸ್ಸಿನಿಂದ ಇಳಿದಿಲ್ಲ.

ನಿನ್ನೆ ಮೊಟ್ಟೆಯೊಡೆದು ಬಂದ ಒಂಬತ್ತು ಟರ್ಕಿ ಮರಿಗಳನ್ನು ಇವತ್ತು ತಾಯಿಕೋಳಿಯಿಂದ ಬೇರೆ ಮಾಡಿದೆವು. ನಾನು ಹಿಂಜರಿದದ್ದು ಕಂಡು ದೊಡ್ಡಮ್ಮ ಗದರಿದರು. "ಏ ಪುಸ್ತಕದ ಹುಳ, ಅಳೋದೆಲ್ಲ ಆಮೇಲೆ. ಹೋದ ಸಲ ಅದರ ಕಾಲಡಿ ಸಿಕ್ಕೇ ಆರು ಸತ್ತವು." ಎತ್ತುವಾಗ ತಾಯಿ ನನ್ನ ಮುಂಗೈ ಕುಕ್ಕಿತು. ನ್ಯಾಯವೇ ಅನ್ನಿಸಿತು.

ಪೆಟ್ಟಿಗೆಯೊಳಗೆ, ಕಾವಿಗೆಂದು ಹಾಕಿದ್ದ ಬಲ್ಬಿನ ಕೆಳಗೆ ಬಿಟ್ಟರೆ, ಒಂದು ಮರಿಯೂ ತಿನ್ನಲಿಲ್ಲ. ತಾಯಿ ತೋರಿಸಿಕೊಡದೆ ಅವಕ್ಕೆ ಮೇವು ಯಾವುದೆಂದೇ ತಿಳಿಯುವುದಿಲ್ಲವಂತೆ.

"ಹೀಗೇ ಬಿಟ್ರೆ ಒಂದೂ ಉಳಿಯಲ್ಲ. ಮೇವಿನ ಮೇಲೆ ಬೆರಳಲ್ಲಿ ಟಕ್ ಟಕ್ ಅಂತ ಕುಟ್ಟು."

"ನಂಗೆ ಬರಲ್ಲ ದೊಡ್ಡಮ್ಮ."

"ಎಂ.ಎ. ಮಾಡಿದೀಯ, ಇಷ್ಟು ಬರಲ್ವಾ?"

ಕುಟ್ಟಿದೆ. ಹತ್ತು ಎಣಿಸುವಷ್ಟರಲ್ಲಿ ಒಂಬತ್ತೂ ಓಡಿಬಂದು, ಬೆರಳು ಹೋದಲ್ಲೆಲ್ಲ ಕುಕ್ಕಿ ತಿಂದವು. ಹೊಟ್ಟೆ ತುಂಬಿದ್ದೇ ನನ್ನ ಅಂಗೈಯಡಿ ನುಗ್ಗಿ ನಿದ್ದೆಹೋದವು. ಗೋಡೆಯಾಚೆ ತಾಯಿ ಕೂಗುತ್ತಲೇ ಇತ್ತು. ಒಂದೂ ಕತ್ತೆತ್ತಲಿಲ್ಲ.

ತಾಯಿಯ ಸಂಕಟಕ್ಕೆ ಮನಸ್ಸು ಗಟ್ಟಿಮಾಡಿಕೊಂಡೇ ಹೋಗಿದ್ದೆ. ಇದಕ್ಕಲ್ಲ. ಇಷ್ಟು ಸುಲಭವೇ? ಯಾರದೋ ಒಂದು ಬೆರಳು ಸಾಕೇ?

ಬದುಕುತ್ತವೆ, ನಮಗೆ ಬೇಕಿದ್ದದ್ದೂ ಅದೇ. ಆದರೂ ಸಂಜೆ ತಾಯಿಕೋಳಿಗೆ ನೀರಿಡಲು ಹೋದಾಗ ಅದು ಕೂಗುವುದನ್ನು ನಿಲ್ಲಿಸಿ, ಕತ್ತು ಓರೆ ಮಾಡಿ ನನ್ನನ್ನೇ ನೋಡಿತು. ಅದಕ್ಕೆ ಏನೆಂದು ಹೇಳಲಿ, ನಿನ್ನ ಮಕ್ಕಳು ನಿನ್ನನ್ನು ಒಂದೇ ಒಂದು ಬೆರಳಿಗೆ ಮರೆತುಬಿಟ್ಟವು ಎಂದೇ?